ಅರ್ಕಾವತಿ ದಡದ ಮಗ್ಗಗಳು

ಮದುವೆ ಕಾಲದಲ್ಲಿ ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗಳಲ್ಲಿ ಬಿಚ್ಚಿ ಹಾಸುವ ಸೀರೆಗಳಲ್ಲಿ ಎಷ್ಟೋ ಸೀರೆ ನಲವತ್ತು ಕಿಲೋಮೀಟರ್ ಆಚೆಯ ದೊಡ್ಡಬಳ್ಳಾಪುರದಲ್ಲಿ ನೇಯ್ದವು. ಆ ಊರಿನ ಹೆಸರು ಹೇಳಿ ಮಾರುವವರು ಮಾತ್ರ ಕಡಿಮೆ. ಬಣ್ಣ, ಅಂಚು, ಸೆರಗು, ಬೆಲೆ ಎಲ್ಲದರ ಮಾತೂ ಆಗುತ್ತದೆ. ಯಾರ ಮನೆಯ ಮಗ್ಗದಿಂದ ಬಂತು, ಯಾವ ನೂಲು ಎಂಬ ಮಾತು ಬರುವುದಿಲ್ಲ. ಪರಿಸರಕ್ಕೂ ದುಡಿಯುವವರಿಗೂ ಹಾನಿ ಮಾಡದ ಉಡುಪು ಯಾವುದು ಎಂಬ ಚರ್ಚೆ ಈಗ ಜಗತ್ತಿನಾದ್ಯಂತ ನಡೆದಿದೆ. ಅದನ್ನು ಅರ್ಥಮಾಡಿಕೊಳ್ಳಲು ಪ್ಯಾರಿಸ್ಸಿಗೋ ಲಂಡನ್ನಿಗೋ ಹೋಗಬೇಕಿಲ್ಲ. ದೊಡ್ಡಬಳ್ಳಾಪುರದ ಈ ಒಂದು ತಾಲ್ಲೂಕಿನಲ್ಲಿ ಮಗ್ಗವೂ ಇದೆ, ಗಾರ್ಮೆಂಟ್ಸ್ ಕಾರ್ಖಾನೆಯೂ ಇದೆ, ಎರಡರ ನಡುವೆ ಸೊರಗಿದ ಅರ್ಕಾವತಿ ನದಿಯೂ ಇದೆ.

ದೊಡ್ಡಬಳ್ಳಾಪುರದ ದೇವಾಂಗ ಮತ್ತಿತರ ನೇಕಾರ ಮನೆತನಗಳು ಕೈಮಗ್ಗದಿಂದ ಬದುಕು ಕಟ್ಟಿಕೊಂಡವು. ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಲಾಳಿ ಎಸೆಯುವ ಕೆಲಸ ಒಬ್ಬರದಾದರೂ ಕಂಡಿಕೆ ಸುತ್ತುವುದು, ಹಾಸು ಹೂಡುವುದು ಮನೆಮಂದಿಯ ಪಾಲು. ನೂಲಿಗೂ ದೂರ ಹೋಗಬೇಕಿರಲಿಲ್ಲ. ಪಕ್ಕದ ದೇವನಹಳ್ಳಿ ತಾಲ್ಲೂಕು ರೇಷ್ಮೆ ಸೀಮೆ. ಅಲ್ಲಿನ ವಿಜಯಪುರದಲ್ಲಿ ಇಂದಿಗೂ ರೇಷ್ಮೆಗೂಡಿನ ಮಾರುಕಟ್ಟೆ ಇದೆ. ಮೈಸೂರು ಸೀಮೆಗೆ ರೇಷ್ಮೆ ಕೃಷಿ ತಂದವನು ದೇವನಹಳ್ಳಿಯಲ್ಲೇ ಹುಟ್ಟಿದ ಟಿಪ್ಪು ಸುಲ್ತಾನ್. ರೋಗದಿಂದ ಕುಸಿದಿದ್ದ ಆ ಕೃಷಿಗೆ ಜೀವ ತುಂಬಲು ಜೆಮ್‌ಶೆಟ್‌ಜಿ ಟಾಟಾ 1896ರಲ್ಲಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ತೆರೆದು ಜಪಾನಿನ ಪರಿಣತರನ್ನು ಕರೆಸಿದರು. ಇಷ್ಟೆಲ್ಲ ಕೈಗೆಟಕುವಷ್ಟು ಹತ್ತಿರವಿದ್ದ ಊರು ಇಂದು ಬಹುಮಟ್ಟಿಗೆ ಕೃತಕ ರೇಷ್ಮೆಯನ್ನು ನೇಯುತ್ತದೆ. ಅದು ಹೇಗಾಯಿತು?

ವಿದ್ಯುತ್ ಮಗ್ಗ ಬಂದದ್ದು ಮೊದಲ ತಿರುವು. ಕೈಮಗ್ಗದಲ್ಲಿ ದಿನಗಟ್ಟಲೆ ಹಿಡಿಯುವ ಸೀರೆ ಇಲ್ಲಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಅಂಚು, ಬುಟ್ಟಾಗಳ ಚಿತ್ತಾರವನ್ನು ಜಕಾರ್ಡ್ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಮನೆಯ ನಡುಮನೆಯಲ್ಲೇ ಎರಡು, ನಾಲ್ಕು ಮಗ್ಗ ಕೂರಿಸಿ, ಆ ಸದ್ದಿನೊಳಗೇ ಅಡುಗೆ, ಊಟ, ಮಕ್ಕಳ ಓದು ಎಲ್ಲ ಸಾಗುವ ಬೀದಿಗಳು ಅಲ್ಲಿ ಈಗಲೂ ಇವೆ. ಇದನ್ನು ಬರೀ ಕೈಮಗ್ಗದ ಸಾವೆಂದು ಬರೆಯುವುದು ಸುಲಭ. ಆದರೆ ವಿದ್ಯುತ್ ಮಗ್ಗ ಇಟ್ಟವನೂ ದೊಡ್ಡ ಗಿರಣಿಯ ಧಣಿಯಲ್ಲ, ಸಾಲ ಮಾಡಿ ಯಂತ್ರ ತಂದ ನೇಕಾರನೇ. ಮಾಲೀಕ ಕೊಟ್ಟ ನೂಲಿಗೆ ಕೂಲಿ ನೇಯ್ಗೆ ಮಾಡುವವರೂ ಅಷ್ಟೇ ಇದ್ದಾರೆ.

ಕೈಮಗ್ಗವನ್ನು ಉಳಿಸಲೆಂದು ಕೇಂದ್ರ ಸರ್ಕಾರ 1985ರಲ್ಲಿ ಕಾಯ್ದೆ ತಂದು, 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ವಿದ್ಯುತ್ ಮಗ್ಗದವರು ನ್ಯಾಯಾಲಯಕ್ಕೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆಮೇಲೆ ಪಟ್ಟಿ 11ಕ್ಕೆ ಇಳಿಯಿತು. ಇತ್ತ ಅಪ್ಪಟ ರೇಷ್ಮೆಯ ಬೆಲೆ ಏರುತ್ತಲೇ ಹೋಯಿತು. ಕೂಲಿ ಮಾಡುವ ಹೆಣ್ಣುಮಗಳಿಗೂ ಹಬ್ಬಕ್ಕೊಂದು ಹೊಳೆಯುವ ಸೀರೆ ಬೇಕು. ಅದನ್ನು ಅವಳ ಕೈಗೆಟಕುವ ಬೆಲೆಗೆ ಕೊಟ್ಟದ್ದು ಕೃತಕ ನೂಲು. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕೃತಕ ನೂಲಿನಲ್ಲಿ ಹೆಚ್ಚಿನ ಪಾಲು ಪಡೆದಿರುವ ಪಾಲಿಯೆಸ್ಟರ್ ಹುಟ್ಟುವುದು ಪೆಟ್ರೋಲಿಯಂನಿಂದ. ಇಂದು ಜಗತ್ತಿನಲ್ಲಿ ತಯಾರಾಗುವ ಒಟ್ಟು ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಒಗೆದಾಗಲೆಲ್ಲ ಅದರ ಸೂಕ್ಷ್ಮ ಎಳೆಗಳು ನೀರಿಗೆ ಸೇರುತ್ತವೆ; ಮಣ್ಣಿಗೆ ಹಾಕಿದರೆ ಕೊಳೆಯುವುದಿಲ್ಲ. ಹಳೆಯ ಜರಿ ಸೀರೆಯನ್ನು ಕೊಳ್ಳಲು ಮನೆ ಬಾಗಿಲಿಗೆ ಬರುವವರಿದ್ದಾರೆ, ಅದರ ಬೆಳ್ಳಿಗೊಂದು ಬೆಲೆಯಿದೆ. ಪಾಲಿಯೆಸ್ಟರ್ ಸೀರೆಯನ್ನು ಕೇಳುವವರಿಲ್ಲ.

ಈಗ ದೊಡ್ಡಬಳ್ಳಾಪುರದ ಮಗ್ಗಕ್ಕೂ ಪೈಪೋಟಿ ಬಂದಿದೆ. ಸೂರತ್ತಿನ ಅತಿವೇಗದ ಯಂತ್ರಗಳಲ್ಲಿ ತಯಾರಾದ, ಇಲ್ಲಿನ ವಿನ್ಯಾಸವನ್ನೇ ಹೋಲುವ ಸೀರೆಗಳು ಅಗ್ಗದ ದರದಲ್ಲಿ ಬಂದು ಬೀಳುತ್ತಿವೆ ಎಂದು ನೇಕಾರರು ಬೀದಿಗಿಳಿದು ಪ್ರತಿಭಟಿಸಿದ್ದಾರೆ. ರಾಜ್ಯ ಸರ್ಕಾರ 2023ರಲ್ಲಿ ಸಣ್ಣ ವಿದ್ಯುತ್ ಮಗ್ಗಗಳಿಗೆ ಉಚಿತ ವಿದ್ಯುತ್ ಘೋಷಿಸಿತು. ಅದು ಆಸರೆಯೇ, ಆದರೆ ಸೀರೆಗೆ ನ್ಯಾಯವಾದ ಬೆಲೆ ಸಿಗುವುದು ಬೇರೆ ಮಾತು.

ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ ಮತ್ತು ಅಪರೆಲ್ ಪಾರ್ಕ್ ಈ ಕತೆಯ ಇನ್ನೊಂದು ಮುಖ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬೆಳಗಾಗುತ್ತಲೇ ‘ಗಾರ್ಮೆಂಟ್ಸ್‌ಗೆ’ ಹೊರಡುತ್ತಾರೆ. ಬ್ಯಾಚಿನಲ್ಲಿ ಒಬ್ಬಳು ಕಾಲರ್, ಮತ್ತೊಬ್ಬಳು ತೋಳು, ಇನ್ನೊಬ್ಬಳು ಜೇಬು ಹೊಲಿಯಬೇಕು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಎಲ್ಲರ ತಲೆಯ ಮೇಲೂ ತೂಗುತ್ತದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಗಾರ್ಮೆಂಟ್ಸ್ ಕಾರ್ಮಿಕರು ಸತ್ತಾಗ ಜಗತ್ತು ಬೆಚ್ಚಿತು. ಬಟ್ಟೆ ಹೊಲಿದವರು ಯಾರು ಎಂದು ಕೊಳ್ಳುವವರು ಕೇಳತೊಡಗಿದ್ದು ಆಗ. ನಮ್ಮ ಹೆಣ್ಣುಮಕ್ಕಳು ಯಾರ ಕರೆಗೂ ಕಾಯದೆ 2016ರ ಏಪ್ರಿಲ್‌ನಲ್ಲಿ ತಾವೇ ರಸ್ತೆಗಿಳಿದರು. ಭವಿಷ್ಯ ನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ಅವರು ತಡೆದಾಗ ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ನಿಯಮವನ್ನು ಹಿಂತೆಗೆದುಕೊಂಡಿತು. ಮುಂದೆ 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ, ತಿಂಗಳಿಗೆ ಸುಮಾರು 417 ರೂಪಾಯಿಯ ತುಟ್ಟಿಭತ್ಯೆ ಏರಿಕೆಗಾಗಿ ರಾಜ್ಯದ ಗಾರ್ಮೆಂಟ್ಸ್ ಕಾರ್ಮಿಕರು ವರ್ಷಕ್ಕೂ ಮಿಕ್ಕಿ ಹೋರಾಡಬೇಕಾಯಿತು. ವಿದೇಶದ ಮಾಲ್‌ನಲ್ಲಿ ಒಂದು ಅಂಗಿ ಮಾರುವ ಬೆಲೆಗಿಂತ ಕಡಿಮೆ ಮೊತ್ತವದು.

ಅರ್ಕಾವತಿಯ ಪಾಡು ಇನ್ನೂ ಕಟು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿ, ಹೆಸರಘಟ್ಟಕ್ಕೆ ಇಳಿಯುವ ನದಿ ಇದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಮೊದಲು ಕೊಳವೆ ನೀರು ಬಂದದ್ದು ಈ ನದಿಯಿಂದಲೇ. ಇಂದು ದೊಡ್ಡಬಳ್ಳಾಪುರ ನಗರದ ಒಳಚರಂಡಿ ನೀರೂ ಕೈಗಾರಿಕೆಗಳ ತ್ಯಾಜ್ಯವೂ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಸೇರುತ್ತಿವೆ ಎಂದು ಆ ಭಾಗದ ಗ್ರಾಮಸ್ಥರು ವರ್ಷಗಳಿಂದ ಧರಣಿ ನಡೆಸುತ್ತಿದ್ದಾರೆ. ಇದಕ್ಕೆ ಬಟ್ಟೆ ಉದ್ಯಮವೊಂದೇ ಕಾರಣವಲ್ಲ. ಆದರೆ ಬಣ್ಣ ಹಾಕಲು, ತೊಳೆಯಲು ನೀರನ್ನು ಬೇಡುವ ಯಾವ ಉದ್ಯಮವೂ ತನ್ನ ಪಾಲಿನ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ.

ಬೇರೆ ದಾರಿ ಇಲ್ಲವೇ? ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಹಳ್ಳಿಯ ಹೆಣ್ಣುಮಕ್ಕಳೊಂದಿಗೆ ಕಟ್ಟಿದ ಚರಕ ಸಂಸ್ಥೆ, ಅಡಿಕೆ ಬೇಯಿಸಿ ಉಳಿದ ಚೊಗರಿನಿಂದ ಕೈಮಗ್ಗದ ಹತ್ತಿಗೆ ಬಣ್ಣ ಕಟ್ಟಿ ತೋರಿಸಿತು. ಅದರ ಬಟ್ಟೆ ಮಾರುವ ‘ದೇಸಿ’ ಅಂಗಡಿಗಳ ಅಂಗಿ, ಕುರ್ತಾ ಬೆಂಗಳೂರಿಗರಿಗೆ ಗೊತ್ತು. ಕೈಯಿಂದ ತಯಾರಾದ ವಸ್ತುಗಳಿಗೆ ಜಿಎಸ್‌ಟಿ ಬೇಡವೆಂದು ಪ್ರಸನ್ನ 2017ರಲ್ಲಿ ಉಪವಾಸ ಕೂತರು. ಅಂಥ ಚರಕವೂ 2020ರಲ್ಲಿ, ಮಾರಾಟವಾಗದ ಬಟ್ಟೆಯ ರಾಶಿಯ ನಡುವೆ, ದಿವಾಳಿಯೆಂದು ಘೋಷಿಸಿಕೊಂಡಿತು. ಒಳ್ಳೆಯ ಬಟ್ಟೆಯನ್ನು ಹೊಗಳುವವರು ನಮ್ಮಲ್ಲಿ ಬೇಕಾದಷ್ಟು, ಕೊಳ್ಳುವವರು ಸಾಲದು. 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಮೂರನೇ ಎರಡರಷ್ಟು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಹತ್ತು ಅಗ್ಗದ ಬಟ್ಟೆ ಕೊಳ್ಳುವ ಹಣದಲ್ಲಿ ಎರಡು ಕೈಮಗ್ಗದ ಬಟ್ಟೆ ಕೊಂಡು ವರ್ಷಗಟ್ಟಲೆ ಉಡುವುದು ಈ ಲೆಕ್ಕವನ್ನು ಸ್ವಲ್ಪವಾದರೂ ಬದಲಿಸುತ್ತದೆ. ಅಷ್ಟು ಹಣವಿಲ್ಲದವರು ತಪ್ಪಿತಸ್ಥರೆಂದು ಕೊರಗಬೇಕಿಲ್ಲ. ಇರುವ ಬಟ್ಟೆಯನ್ನು ಹೊಲಿದು, ಬಾಳಿಸಿ ಉಡುವುದರಲ್ಲಿ ಅವರು ಉಳ್ಳವರಿಗಿಂತ ಯಾವತ್ತೂ ಮುಂದಿದ್ದಾರೆ.

ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್ ಇದೆ, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಸಂಶಯ ಬಂದರೆ ಒಂದೆಳೆ ಸುಟ್ಟು ನೋಡಬಹುದು: ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಂಟಾಗುತ್ತದೆ. ದೊಡ್ಡಬಳ್ಳಾಪುರದ ಸೀರೆಗೂ ಅದರ ಊರು, ನೂಲು, ಮಗ್ಗ ಮೂರನ್ನೂ ಪ್ರಾಮಾಣಿಕವಾಗಿ ಹೇಳುವ ಗುರುತು ಬೇಕು. ಅದನ್ನು ಕೊಡುವುದು ಸರ್ಕಾರದ ಕೆಲಸ, ಕೊಳ್ಳುವಾಗ ಕೇಳುವುದು ನಮ್ಮ ಕೆಲಸ. ಮುಂದಿನ ಹಬ್ಬಕ್ಕೆ ಸೀರೆ ಆರಿಸುವಾಗ ಬೆಲೆ ಕೇಳುವ ಮುಂಚೆ, ಇದು ಎಲ್ಲಿ ನೇಯ್ದದ್ದು, ನೂಲು ಯಾವುದು ಎಂದು ದಯವಿಟ್ಟು ಅಂಗಡಿಯವರನ್ನು ಕೇಳಿ.