ಇಪ್ಪತ್ತು ಹುಣಸೆ ಬೀಜ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ದಾಸವಾಳದ ಚಿತ್ರ, ಏಕಾದಶಿಯ ನೆನಪೋಲೆ, ಯಾರದೋ ಗೃಹಪ್ರವೇಶದ ಆಮಂತ್ರಣ. ಹೋದ ಚಳಿಗಾಲ ಅದರಲ್ಲಿ ಬೇರೆಯದೇ ಒಂದು ಸಂದೇಶ ಬಂತು. ಕಳಿಸಿದವಳು ಇಂಗ್ಲೆಂಡಿನಲ್ಲಿರುವ ನನ್ನ ತಮ್ಮನ ಮಗಳು. ಏಪ್ರಿಲ್‌ನಲ್ಲಿ ಐದು ಕಿಲೋಮೀಟರ್ ಈಜುತ್ತೇನೆ, ಕೂಡಿದ ಹಣ ಮಾನಸಿಕ ಆರೋಗ್ಯ ಸೇವೆಗೆ ಹೋಗುತ್ತದೆ, ಚಿಕ್ಕಜ್ಜನ ನೆನಪಿಗೆ ಈಜುತ್ತಿದ್ದೇನೆ, ಕೈಲಾದಷ್ಟು ಕೊಡಿ ಎಂದು ಬರೆದಿದ್ದಳು.

ಗುಂಪಿನಲ್ಲಿ 43 ಜನ. ಆ ದಿನ ಒಬ್ಬರೂ ಹೆಬ್ಬೆರಳಿನ ಗುರುತು ಕೂಡ ಒತ್ತಲಿಲ್ಲ.

ಸಂಜೆ ಶಿವಮೊಗ್ಗದ ವಿನೋಬನಗರದ ಪೊಲೀಸ್ ಚೌಕಿ ಹತ್ತಿರ ಭಾವ ಸಿಕ್ಕರು. "ಅಲ್ಲ ಮಾರಾಯ, ಅವಳು ಈಜಿದ್ರೆ ನಾವ್ಯಾಕೆ ದುಡ್ಡು ಕೊಡಬೇಕು?" ಅಂದರು. ಕೇಳಬೇಕಾದ ಪ್ರಶ್ನೆಯೇ. ಅವರು ಬಾಯಿಬಿಟ್ಟು ಕೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು: ಚಿಕ್ಕಪ್ಪನ ಸುದ್ದಿ ಈಗ್ಯಾಕೆ ಎತ್ತಿದಳು?

ಮೊದಲನೆಯದಕ್ಕೆ ಉತ್ತರ ಸುಲಭ. ಬ್ರಿಟನ್ನಿನಲ್ಲಿ 1986ರಿಂದ 'ಸ್ವಿಮಥಾನ್' ನಡೆಯುತ್ತಿದೆ. ಜನ ತಮ್ಮೂರಿನ ಈಜುಕೊಳದಲ್ಲೇ ಆಗುವಷ್ಟು ದೂರ ಈಜುತ್ತಾರೆ, ಬಂಧುಗಳು, ಆಫೀಸಿನವರು ಅವರ ಹೆಸರಲ್ಲಿ ಹಣ ಕೊಡುತ್ತಾರೆ. ಅಲ್ಲಿ ಹೆಚ್ಚು ಹಣ ಹೋಗುವುದು ಕ್ಯಾನ್ಸರ್ ಕೆಲಸಕ್ಕೆ. ಅದೇ ದಾರಿಯನ್ನು ಈಗ ಮಾನಸಿಕ ಆರೋಗ್ಯದ ಸಂಸ್ಥೆಗಳೂ ಹಿಡಿದಿವೆ. 25 ಮೀಟರ್ ಕೊಳದಲ್ಲಿ ಐದು ಕಿಲೋಮೀಟರ್ ಎಂದರೆ ಇನ್ನೂರು ಸಲ ಈ ದಡದಿಂದ ಆ ದಡಕ್ಕೆ. ನಮ್ಮ ಕಡೆಯ ಇಬ್ಬರಲ್ಲೊಬ್ಬರಿಗೆ ಇದು ಹುಚ್ಚಾಟವಾಗಿ ಕಾಣಬಹುದು. ಆದರೆ ಯಾರದೋ ಕಾಯಿಲೆ ವಾಸಿಯಾಗಲೆಂದು ಇನ್ಯಾರೋ ಉರುಳುಸೇವೆ ಮಾಡುವುದು, ಬರಿಗಾಲಲ್ಲಿ ಧರ್ಮಸ್ಥಳಕ್ಕೆ ನಡೆಯುವುದು ನಮಗೇನು ಹೊಸದೇ? ಮೈ ದಂಡಿಸಿದವರ ಮಾತಿಗೆ ತೂಕ ಬರುತ್ತದೆ, ಅಷ್ಟೆ. ಮುಂಬೈಯ ಜಿಯಾ ರಾಯ್ ಎಂಬ ಹುಡುಗಿ 2022ರಲ್ಲಿ ಶ್ರೀಲಂಕಾದ ತಲೈಮನ್ನಾರ್‌ನಿಂದ ನಮ್ಮ ಧನುಷ್ಕೋಡಿ ಕಡೆಗೆ ಸುಮಾರು 29 ಕಿಲೋಮೀಟರ್ ಪಾಕ್ ಜಲಸಂಧಿಯನ್ನು 13 ಗಂಟೆ 10 ನಿಮಿಷದಲ್ಲಿ ಈಜಿದಳು. ಆಗ ಅವಳಿಗೆ ಹದಿಮೂರು ವರ್ಷ. ಆಟಿಸಂ ಇರುವ ಅವಳು ಈಜಿದ್ದೂ ಆಟಿಸಂ ಬಗ್ಗೆ ಜನರಿಗೆ ತಿಳಿಯಲೆಂದೇ. (ಆಟಿಸಂ ಮಾನಸಿಕ ಕಾಯಿಲೆಯಲ್ಲ, ಎರಡನ್ನೂ ಒಂದೇ ಚೀಲಕ್ಕೆ ತುಂಬುವವರು ದಯವಿಟ್ಟು ಗಮನಿಸಿ.)

ಇನ್ನು ಚಿಕ್ಕಪ್ಪ.

ಅವನಿದ್ದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಬೇಸಿಗೆ ರಜೆಗೆ ಹೋದ ನಮ್ಮನ್ನೆಲ್ಲ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಭದ್ರಾ ಹೊಳೆಗೆ ಇಳಿಸಿದವನು ಅವನೇ. ಎರಡು ಬುರುಡೆ, ನಡುವೆ ತೆಂಗಿನ ನಾರಿನ ಹಗ್ಗ. ಒದ್ದೆಯಾದ ಹಗ್ಗ ಎದೆಯ ಚರ್ಮ ಕೆರೆದು ರಾತ್ರಿ ಉರಿಯುತ್ತಿತ್ತು. ಮೂರನೇ ದಿನ ಒಂದು ಬುರುಡೆ ಬಿಚ್ಚಿದ. ಐದನೇ ದಿನ ಇನ್ನೊಂದನ್ನೂ, ನಮಗೆ ಹೇಳದೆ.

ಇಪ್ಪತ್ತೇಳರ ಹೊತ್ತಿಗೆ ಅವನಿಗೆ ಗೋಡೆಯಾಚೆಯಿಂದ ಯಾರೋ ಬೈಯುವುದು ಕೇಳಿಸತೊಡಗಿತು. ತಾಯಿತ, ಅಂತ್ರ ಎಲ್ಲ ಮುಗಿದ ಮೇಲೆ 1978ರಲ್ಲಿ ಅಪ್ಪ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಅಕ್ಕಪಕ್ಕದವರಿಗೆ ಹೇಳಿದ್ದು ಧರ್ಮಸ್ಥಳಕ್ಕೆ ಅಂತ. ವಾಪಸು ಬಂದ ಮೇಲೆ ಅಜ್ಜಿ ಪ್ರಸಾದವೆಂದು ಕಲ್ಲುಸಕ್ಕರೆಯನ್ನೂ ಹಂಚಿದರು. ಮಾತ್ರೆಗೆ ಆ ದನಿ ಅಡಗಿತು. ವಾಸಿಯಾಯ್ತಲ್ಲ ಎಂದು ನಮ್ಮವರೇ ಮಾತ್ರೆ ನಿಲ್ಲಿಸಿದರು. ಆಮೇಲಿನ ಹದಿಮೂರು ವರ್ಷ ಅವನು ಹಿತ್ತಿಲ ಕೋಣೆಯಲ್ಲಿದ್ದ. ಬಂದವರು ಕೇಳಿದರೆ 'ಹುಷಾರಿಲ್ಲ'. ಹೊಳೆಗೆ ಮತ್ತೆ ಇಳಿಯಲಿಲ್ಲ.

ಇದು ನಡೆದದ್ದು, ಮನಸ್ಸಿನ ಕಾಯಿಲೆಯ ಬಗ್ಗೆ ಕನ್ನಡದಲ್ಲಿ ಗಟ್ಟಿಯಾಗಿ ಮಾತಾಡಿದ ವೈದ್ಯರೊಬ್ಬರ ಊರಿನ ಮಗ್ಗುಲಲ್ಲೇ. ಶಿವಮೊಗ್ಗದಲ್ಲಿ 'ಮಾನಸ' ಆಸ್ಪತ್ರೆ ಕಟ್ಟಿದ ಡಾ. ಅಶೋಕ್ ಪೈ ಅವರು ರೋಗಿಗಳನ್ನು ನೋಡುವುದಷ್ಟೇ ಸಾಲದೆಂದು ಕಥೆ ಬರೆದರು, ಸಿನಿಮಾಕ್ಕೂ ಕೈ ಹಾಕಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ 'ಕಾಡಿನ ಬೆಂಕಿ' ಬಂದದ್ದು 1988ರಲ್ಲಿ. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ ಮನೆಮಂದಿ ಹೋಗಿ ನೋಡಿದರು, ಚೆನ್ನಾಗಿದೆ ಅಂದರು, ಮನೆಗೆ ಬಂದು ಹಿತ್ತಿಲ ಕೋಣೆಯ ಚಿಲಕ ಹಾಕಿದೆಯೇ ಎಂದು ನೋಡಿದರು. ಪೈ ಅವರು 2016ರಲ್ಲಿ ತೀರಿಕೊಂಡರು.

ನಮ್ಮದೊಂದೇ ಮನೆಯ ಕಥೆಯಲ್ಲ ಇದು. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬಹುಪಾಲು ಕಾಯಿಲೆಗಳಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಹುಡುಗಿಗೆ ಫೋನ್ ಮಾಡಿದೆ. "ದೊಡ್ಡಪ್ಪ, ಅಲ್ಲಿನ ದುಡ್ಡು ಇಲ್ಲಿಗೆ ಬೇಡ. ನೀವೂ ಈಜಿ, ಅಲ್ಲೇ ಕೊಡಿ" ಅಂದಳು. ಹೊಳೆಯ ಮಾತಂತೂ ಇಲ್ಲ. 'ಗಂಗಾ ಸ್ನಾನ, ತುಂಗಾ ಪಾನ' ಎಂದವರು ಯಾಕೆ ಅಂದರೋ, ಬೇಸಿಗೆ ಬಂತೆಂದರೆ ತುಂಗೆಗೂ ಚಾನಲ್‌ಗೂ ಇಳಿದ ಮಕ್ಕಳ ಸುದ್ದಿ ಪೇಪರಿನಲ್ಲಿ ಓದುವ ನಾವು ಆ ಮಾತಿನ ಮೊದಲರ್ಧವನ್ನು ಕೊಳಕ್ಕೆ ಬಿಡುವುದು ವಾಸಿ. ಊರಿನ ಈಜುಕೊಳದಲ್ಲಿ ಬೆಳಗ್ಗೆ ಆರರ ಬ್ಯಾಚಿಗೆ ಸೇರಿದೆ. ನನ್ನ ಮೊಣಕಾಲಿಗೆ ಒಂದು ಕಿಲೋಮೀಟರೇ ಹೆಚ್ಚು, ಅಂದರೆ ನಲವತ್ತು ಸಲ. ಹತ್ತರ ಮೇಲೆ ಲೆಕ್ಕ ತಪ್ಪುತ್ತಿತ್ತು. ಹೆಂಡತಿ ಸೋಪಿನ ಡಬ್ಬಿಯಲ್ಲಿ ಇಪ್ಪತ್ತು ಹುಣಸೆ ಬೀಜ ಹಾಕಿಕೊಟ್ಟಳು. ಹೋಗಿ ಬಂದರೆ ಒಂದು ಬೀಜ ಎಡದಿಂದ ಬಲಕ್ಕೆ. ನೆಂದ ಬೀಜ ಕಂದುಬಣ್ಣದಿಂದ ಕಪ್ಪಾಗಿ ಬೆರಳಿಗೆ ಜಾರುತ್ತಿತ್ತು. "ಏನ್ ಸಾರ್, ಚೌಕಾಬಾರ ಆಡ್ತಿದೀರಾ?" ಎಂದ ಕೋಚ್. ಯಾಕೆಂದು ಹೇಳಿದೆ. ಆತ ನಗು ನಿಲ್ಲಿಸಿ, ತನ್ನ ಅಕ್ಕನೂ ಮಾತ್ರೆಯಲ್ಲಿದ್ದಾಳೆ ಎಂದ. ಎರಡು ವರ್ಷದಿಂದ ನಾನು ಆ ಹುಡುಗನನ್ನು ಬಲ್ಲೆ.

ಈಜಿದರೆ ಖಿನ್ನತೆ ಓಡಿಹೋಗುತ್ತದೆ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. 2018ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದು 24 ವರ್ಷದ ಹೆಣ್ಣುಮಗಳೊಬ್ಬಳು ತಣ್ಣೀರಿನಲ್ಲಿ ಈಜಲು ಶುರುಮಾಡಿ ಚೇತರಿಸಿಕೊಂಡದ್ದನ್ನು ವರದಿ ಮಾಡಿತ್ತು. ಒಬ್ಬಳ ಕಥೆ ಅದು, ಅವಳ ಮಾತ್ರೆಯನ್ನು ಇಳಿಸುತ್ತ ಬಂದದ್ದೂ ವೈದ್ಯರ ಕಣ್ಣಳತೆಯಲ್ಲಿ. ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆಂದು ನಮ್ಮ ಮನೆ ನೋಡಿದೆ.

ಹಣ ಎಲ್ಲಿಗೆ ಕೊಡುವುದು? ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ದೇಶಕ್ಕೆ ಸಿಕ್ಕಿದ್ದೇ 80ರ ದಶಕದ ಬಳ್ಳಾರಿಯಿಂದ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಕ್ಲಿನಿಕ್ ಇದೆ. ಮಾತ್ರೆಗೆ ದುಡ್ಡು ಕೊಡಬೇಕಿಲ್ಲ. ದುಡ್ಡು ಬೀಳುವುದು ಬಸ್ಸಿಗೆ, ಜೊತೆಗೆ ಬರುವವರ ಒಂದು ದಿನದ ಕೂಲಿಗೆ. ಎರಡು ತಿಂಗಳು ಬಂದವರು ಮೂರನೆಯ ತಿಂಗಳು ಬರದೆ ಹೋಗುವುದು ಹೆಚ್ಚಾಗಿ ಅಲ್ಲಿಯೇ. ಸೇವೆ ಎಂದರೆ ನಾವು ಕಟ್ಟಡ ಎಂದುಕೊಳ್ಳುತ್ತೇವೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತೇವೆ. ನನಗೆ ಕೇಳಿದರೆ ಮೊದಲು ಬೇಕಿರುವುದು ಬಸ್ ಚಾರ್ಜು.

ಏಪ್ರಿಲ್‌ನ ಒಂದು ಭಾನುವಾರ ಅವಳು ಅಲ್ಲಿ ಇನ್ನೂರು ಮುಗಿಸಿದಳು, ನಾನು ಇಲ್ಲಿ ನಲವತ್ತು. ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ನನ್ನ ಖಾತೆಗೆ ಮಾತ್ರ ಒಂದೊಂದಾಗಿ ಹಣ ಬಂತು. ಮೊದಲು ಅತ್ತೆಯ 501. ಕೊನೆಗೆ ಭಾವನ 2,001, ಜೊತೆಗೆ ಎರಡೇ ಪದ: "ಚಿಕ್ಕಪ್ಪನ ಲೆಕ್ಕಕ್ಕೆ." ಒಟ್ಟು 14,600 ರೂಪಾಯಿ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರಬೇಕಾದ ಮೂರು ಮನೆಗಳ ಬಸ್ಸಿಗೆ, ಕೂಲಿಗೆ ಅದು ಹೋಗುತ್ತಿದೆ.

ಹಿತ್ತಿಲ ಕೋಣೆ ಇನ್ನೂ ಇರುವ ಮನೆಯವರು ಇದನ್ನು ಓದುತ್ತಿದ್ದರೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಖರ್ಚಿಲ್ಲ.