ಸೂರ್ಯನತ್ತ ಓಟ, ದಾರಿಬದಿಯ ನೋಟ

ಮಾರ್ಚ್ ತಿಂಗಳ ಮೊದಲ ದಿನಗಳು. ಪ್ಯಾರಿಸ್ ನಗರದ ದಕ್ಷಿಣಕ್ಕೆ ಹಬ್ಬಿರುವ ಬೋಸ್ ಬಯಲಿನಲ್ಲಿ ಗೋಧಿಯ ಎಳೆಪೈರು ನೆಲಕ್ಕಂಟಿಕೊಂಡೇ ಇದೆ. ಮರಗಳಲ್ಲಿ ಎಲೆಯಿಲ್ಲ. ಮೋಡ ಕವಿದ ಆಕಾಶದಿಂದ ಆಗಾಗ ತುಂತುರು ಉದುರುತ್ತದೆ. ಮರೆಯೇ ಇಲ್ಲದ ಬಯಲಿನಲ್ಲಿ ಚಳಿಗಾಳಿ ಮೂಳೆಯನ್ನು ಮುಟ್ಟುತ್ತದೆ. ಇಂಥ ಹವೆಯಲ್ಲಿ ಯಾರೂ ಮನೆಯಿಂದ ಹೊರಬೀಳಲು ಇಷ್ಟಪಡಲಾರರು. ಆದರೂ ಹಳ್ಳಿಯ ಹೊರಗಿನ ತಿರುವಿನಲ್ಲಿ ಜನ ಸೇರುತ್ತಿದ್ದಾರೆ. ಮಡಚುವ ಕುರ್ಚಿಗಳನ್ನು ಹಾಕಿಕೊಂಡು ವೃದ್ಧ ದಂಪತಿಗಳು ಕುಳಿತಿದ್ದಾರೆ. ಮೊಣಕಾಲಿನ ಮೇಲೆ ಕಂಬಳಿ, ಪಕ್ಕದಲ್ಲಿ ಕಾಫಿ ತುಂಬಿದ ಫ್ಲಾಸ್ಕು. ಮಕ್ಕಳು ರಸ್ತೆಯ ಅಂಚಿಗೆ ಬಂದು ಬಗ್ಗಿ ನೋಡುವುದೂ, ತಾಯಂದಿರು ಅವರನ್ನು ಹಿಂದಕ್ಕೆಳೆಯುವುದೂ ನಡೆದೇ ಇದೆ.

ಹೀಗೆ ಎರಡು ಗಂಟೆ ಕಳೆಯುತ್ತದೆ, ಕೆಲವೊಮ್ಮೆ ಮೂರು. ಕೊನೆಗೆ ಪೊಲೀಸರ ಮೋಟಾರ್ ಸೈಕಲ್ಲುಗಳು ಗುಡುಗುತ್ತ ಬರುತ್ತವೆ. ಹಿಂದೆಯೇ ಅಧಿಕಾರಿಗಳ ಕಾರು. ಆಮೇಲೆ ಗಾಳಿಯೇ ಸದ್ದು ಮಾಡಿದಂತೆ ಒಂದು ಸುಯ್ಯೆಂಬ ಶಬ್ದ, ಬಣ್ಣಬಣ್ಣದ ಅಂಗಿಗಳ ಒಂದು ಮಿಂಚು. ನೂರೈವತ್ತು ಸೈಕಲ್ಲುಗಳು ಕಣ್ಣೆದುರಿನಿಂದ ಹಾಯ್ದುಹೋಗಲು ಅರ್ಧ ನಿಮಿಷ ಸಾಕು. ಮೊಮ್ಮಗ ತೋರಿಸಿ ಕೂಗಿದ ಸವಾರ ಯಾರೆಂದು ಅಜ್ಜನ ಕಣ್ಣಿಗೆ ಹತ್ತುವ ಮೊದಲೇ ಆತ ತಿರುವಿನಾಚೆ ಮರೆಯಾಗಿರುತ್ತಾನೆ.

ಅರ್ಧ ನಿಮಿಷದ ದರ್ಶನಕ್ಕೆ ಅರ್ಧ ದಿನದ ಕಾಯುವಿಕೆ! ಇದೆಂಥ ಹುಚ್ಚು ಎಂದು ಯಾರಿಗಾದರೂ ಅನಿಸದಿರದು. ಆದರೆ ಪ್ಯಾರಿಸ್–ನೀಸ್ ಸೈಕಲ್ ಸ್ಪರ್ಧೆಯ ಅಭಿಮಾನಿಗಳು ತಲೆಮಾರುಗಳಿಂದ ಈ ಹುಚ್ಚನ್ನು ಸಂತೋಷವಾಗಿ ಹೊತ್ತುಕೊಂಡು ಬಂದಿದ್ದಾರೆ.

ಎರಡು ಊರು, ಒಂದು ದಾರಿ

ಈ ಸ್ಪರ್ಧೆ ಹುಟ್ಟಿದ್ದು 1933ರಲ್ಲಿ. ಹುಟ್ಟಿಸಿದವನು ಆಲ್ಬರ್ಟ್ ಲೆಜನ್ ಎಂಬ ಪತ್ರಿಕೋದ್ಯಮಿ. ಪ್ಯಾರಿಸ್‌ನಲ್ಲೊಂದು, ನೀಸ್‌ನಲ್ಲೊಂದು, ಹೀಗೆ ಎರಡು ಕಡೆಯೂ ಆತನಿಗೆ ಪತ್ರಿಕೆಗಳಿದ್ದವು. ಎರಡು ಊರುಗಳನ್ನು ಸೈಕಲ್ಲಿನ ದಾರಿಯಿಂದ ಜೋಡಿಸಿದರೆ ಎರಡು ಪತ್ರಿಕೆಗಳೂ ಬಿಸಿದೋಸೆಯಂತೆ ಖರ್ಚಾಗುವುವೆಂಬುದು ಲೆಕ್ಕಾಚಾರ. ಆರು ದಿನಗಳ ಆ ಮೊದಲ ಸ್ಪರ್ಧೆಯನ್ನು ಬೆಲ್ಜಿಯಮ್ ದೇಶದ ಆಲ್ಫೋನ್ಸ್ ಶೆಪರ್ಸ್ ಗೆದ್ದ.

ವ್ಯಾಪಾರದ ಲೆಕ್ಕ ಏನೇ ಇರಲಿ, ಜನರ ಮನಸ್ಸನ್ನು ಸೆಳೆದದ್ದು ದಾರಿಯ ಸೊಗಸು. ಉತ್ತರದ ಮಂಜು ಮಳೆಗಳಲ್ಲಿ ಹೊರಟವರು ದಿನದಿನಕ್ಕೂ ದಕ್ಷಿಣಕ್ಕೆ ಇಳಿಯುತ್ತ, ವಾರದ ಕೊನೆಗೆ ಮೆಡಿಟರೇನಿಯನ್ ಕಡಲ ತೀರವನ್ನು ತಲುಪುವರು. ಅಲ್ಲಿ ನೀಲಿ ನೀರು, ತಾಳೆಮರಗಳ ಸಾಲು, ಬೆಟ್ಟದ ಮಗ್ಗುಲಲ್ಲಿ ಮಿಮೋಸಾದ ಹಳದಿ ಹೂ. ಚಳಿಗಾಲ ವಸಂತಕ್ಕೆ ತಿರುಗುವುದನ್ನು ಕಾಲು ತುಳಿದೇ ಕಂಡುಕೊಳ್ಳುವ ಪ್ರಯಾಣವದು. ಆದ್ದರಿಂದಲೇ ಫ್ರೆಂಚರು ಇದನ್ನು ‘ಸೂರ್ಯನತ್ತ ಓಟ’ವೆಂದು ಕರೆದರು. ಈಗ ಇದು ಎಂಟು ದಿನಗಳ, ಸುಮಾರು 1200 ಕಿಲೋಮೀಟರುಗಳ ಸ್ಪರ್ಧೆ. ಪ್ರತಿ ದಿನದ ಓಟಕ್ಕೂ ಬೇರೆ ಗೆಲುವು. ಎಂಟು ದಿನಗಳ ಒಟ್ಟು ವೇಳೆ ಯಾರದು ಕಡಮೆಯೋ ಆತನೇ ವಿಜೇತ. ಜುಲೈ ತಿಂಗಳ ‘ಟೂರ್ ದ ಫ್ರಾನ್ಸ್’ ಮಹೋತ್ಸವವಾದರೆ, ಮಾರ್ಚ್ ತಿಂಗಳ ಇದು ವರ್ಷದ ತೊಡಕನ್ನು ಬಿಡಿಸುವ ಹಬ್ಬ. ಚಳಿಗಾಲದಲ್ಲಿ ಯಾರು ಸೋಮಾರಿಯಾಗಿ ಕುಳಿತಿದ್ದ, ಯಾರು ಮೈಮುರಿದು ದುಡಿದಿದ್ದ ಎಂಬುದು ಇಲ್ಲಿ ಬಯಲಾಗುತ್ತದೆ.

ಟಿಕೆಟ್ಟಿಲ್ಲದ ಆಟ

ಫುಟ್‌ಬಾಲ್ ನೋಡಲು ಹಣ ತೆರಬೇಕು. ಟೆನಿಸ್ ನೋಡಲು ಇನ್ನೂ ಹೆಚ್ಚು ತೆರಬೇಕು. ರಸ್ತೆಯ ಸೈಕಲ್ ಸ್ಪರ್ಧೆಗೆ ಮಾತ್ರ ಗೋಡೆಯಿಲ್ಲ, ಬಾಗಿಲಿಲ್ಲ, ಟಿಕೆಟ್ಟೂ ಇಲ್ಲ. ಖರ್ಚನ್ನು ತಂಡದ ಅಂಗಿಯ ಮೇಲೆ ಹೆಸರು ಹಾಕಿಸಿಕೊಳ್ಳುವ ಕಂಪನಿಗಳೂ, ಸ್ಪರ್ಧೆಯನ್ನು ಬರಮಾಡಿಕೊಳ್ಳಲು ಹಣ ಕೊಡುವ ಊರುಗಳೂ ಹೊರುತ್ತವೆ. ನೋಡುವವನು ತೆರಬೇಕಾದ ಬೆಲೆ ಒಂದೇ: ಕಾಯುವ ತಾಳ್ಮೆ.

ಕಾಯುವುದಕ್ಕೂ ಒಂದು ಶಾಸ್ತ್ರವುಂಟು. ಯಾವ ಊರನ್ನು ಸ್ಪರ್ಧೆ ಯಾವ ಗಳಿಗೆಗೆ ಹಾಯುವುದೆಂಬ ವೇಳಾಪಟ್ಟಿ ಮುಂಚೆಯೇ ಪ್ರಕಟವಾಗುತ್ತದೆ. ಗಾಳಿ ಹಿಂದಿನಿಂದ ಬೀಸಿದರೆ ಬೇಗ, ಎದುರಿನಿಂದ ಬೀಸಿದರೆ ತಡ. ಆದ್ದರಿಂದ ಬೇರೆ ಬೇರೆ ವೇಗಗಳಿಗೆ ಬೇರೆ ಬೇರೆ ವೇಳೆಗಳನ್ನು ಕೊಟ್ಟಿರುತ್ತಾರೆ. ಅನುಭವಸ್ಥ ಅಭಿಮಾನಿ ಬೆಳಗ್ಗೆ ಎದ್ದೊಡನೆ ಗಾಳಿಯ ದಿಕ್ಕನ್ನು ನೋಡಿಯೇ ಊಟದ ಹೊತ್ತನ್ನು ಗೊತ್ತುಮಾಡುತ್ತಾನೆ. ನಿಲ್ಲುವ ಜಾಗದ ಆಯ್ಕೆಯೂ ಅಷ್ಟೇ ಮುಖ್ಯ. ಸಮತಟ್ಟಿನ ರಸ್ತೆಯಲ್ಲಿ ಕಾಣುವುದು ಮಿಂಚು ಮಾತ್ರ. ಏರಿನಲ್ಲಾದರೆ ಸವಾರರು ನಿಧಾನವಾಗುತ್ತಾರೆ, ಗುಂಪು ಒಡೆಯುತ್ತದೆ, ಒಬ್ಬೊಬ್ಬನ ಮುಖವೂ ಉಸಿರೂ ಹತ್ತಿರದಿಂದ ಸಿಗುತ್ತವೆ. ಹೊರಡುವ ಊರಿಗೆ ಹೋದರೆ ತಂಡದ ಬಸ್ಸಿನಿಂದ ಇಳಿಯುವ ಸವಾರನ ಹಸ್ತಾಕ್ಷರವೂ ದೊರೆತೀತು. ಸಂಚಾರಿ ಮನೆಯಂಥ ವ್ಯಾನುಗಳಲ್ಲಿ ರಾತ್ರಿ ಕಳೆಯುತ್ತ, ಬೆಳಗ್ಗೆ ಅಡ್ಡದಾರಿ ಹಿಡಿದು, ಒಂದೇ ದಿನ ಎರಡು ಕಡೆ ಸ್ಪರ್ಧೆಯನ್ನು ಸಂಧಿಸುವವರೂ ಇದ್ದಾರೆ.

ಮಕ್ಕಳ ಕಣ್ಣು ಬೇರೆಯದೇ ವಸ್ತುವಿನ ಮೇಲೆ. ಸವಾರರು ಕುಡಿದು ಎಸೆದ ನೀರಿನ ಬಾಟಲಿ ಉರುಳಿಕೊಂಡು ಬಂದರೆ ಅದೇ ಆ ದಿನದ ನಿಧಿ. ಎಲ್ಲರಿಗಿಂತ ಹಿಂದೆ, ದಣಿದು ಕೈಬಿಟ್ಟವರನ್ನು ಹತ್ತಿಸಿಕೊಳ್ಳುವ ಗಾಡಿಯೊಂದು ಬರುತ್ತದೆ. ಅದಕ್ಕೆ ‘ಪೊರಕೆ ಗಾಡಿ’ಯೆಂದೇ ಹೆಸರು. ಅದು ಹಾಯ್ದರೆ ತೇರು ಮುಂದೆ ಸರಿದಂತೆ; ಜನ ಚದುರತೊಡಗುವರು.

ದಾರಿ ಎಲ್ಲರದೂ ಆದ್ದರಿಂದ ಅದರ ಮೇಲೆ ಎಲ್ಲರ ಕಷ್ಟಸುಖಗಳೂ ಬಂದು ನಿಲ್ಲುವುದುಂಟು. 1984ರಲ್ಲಿ ದಕ್ಷಿಣದ ಕಡಲತೀರದಲ್ಲಿ, ಕೆಲಸ ಹೋಗುವ ಭೀತಿಯಲ್ಲಿದ್ದ ಹಡಗುಕಟ್ಟೆಯ ಕಾರ್ಮಿಕರು ಸ್ಪರ್ಧೆಯ ದಾರಿಗೆ ಅಡ್ಡ ನಿಂತರು. ಮುಂಚೂಣಿಯಲ್ಲಿದ್ದ ಬರ್ನಾರ್ ಇನೋ ಎಂಬ ಹೆಸರಾಂತ ಸವಾರ ಬ್ರೇಕು ಹಿಡಿಯದೆ ಗುಂಪಿನೊಳಕ್ಕೇ ನುಗ್ಗಿ ಮುಷ್ಟಿಯೆತ್ತಿದ. ಅನ್ನಕ್ಕಾಗಿ ನಿಂತವರು ಅವರು, ಗೆಲುವಿಗಾಗಿ ಹೊರಟವನು ಈತ; ಇಬ್ಬರ ನಡುವೆ ಇದ್ದದ್ದು ಒಂದೇ ರಸ್ತೆ.

ಗಾಳಿ ಮತ್ತು ಹಿಮ

ಸೂರ್ಯನತ್ತ ಓಟವೆಂಬ ಹೆಸರು ಕೇಳಿ ಮೋಸಹೋಗಬಾರದು. ಸೂರ್ಯನು ಕೊನೆಯಲ್ಲಿರುವವನು, ಮೊದಲು ಎದುರಾಗುವವನು ವಾಯು. ಬಯಲಿನಲ್ಲಿ ಗಾಳಿ ಪಕ್ಕದಿಂದ ಹೊಡೆದಾಗ ಸವಾರರು ಒಬ್ಬರ ಮರೆಯಲ್ಲಿ ಒಬ್ಬರು ಓರೆಯಾಗಿ ಸಾಲುಗಟ್ಟುತ್ತಾರೆ, ಸಂಜೆಯ ಬಾನಿನಲ್ಲಿ ಬೆಳ್ಳಕ್ಕಿಗಳು ಹಾರುವ ಹಾಗೆ. ರಸ್ತೆಯ ಅಗಲ ಮುಗಿದಲ್ಲಿ ಸಾಲೂ ಮುಗಿಯುತ್ತದೆ. ಅದರಲ್ಲಿ ಸ್ಥಳ ಸಿಗದವನು ಬರಿಯ ಗಾಳಿಗೆ ಎದೆಯೊಡ್ಡಿ ಹಿಂದೆ ಬೀಳುತ್ತಾನೆ. ಬೆಟ್ಟದಲ್ಲಿ ಗೆಲ್ಲಬೇಕೆಂದು ಬಂದವನು ಬಯಲಿನಲ್ಲೇ ಸೋತು ಹೋಗಿರುವುದು ಎಷ್ಟೋ ಸಲ. ಇದನ್ನು ಬಲ್ಲವರು ಗಾಳಿಯ ದಿನ ಬಯಲಿನ ತಿರುವನ್ನೇ ಹುಡುಕಿ ನಿಲ್ಲುತ್ತಾರೆ. 2023ರಲ್ಲಂತೂ ಗಾಳಿ ಎಷ್ಟು ಬಿರುಸಾಯಿತೆಂದರೆ ಒಂದು ದಿನದ ಓಟವನ್ನೇ ರದ್ದುಪಡಿಸಬೇಕಾಯಿತು.

2016ರಲ್ಲಿ ಬೋಜೊಲೆಯ ದ್ರಾಕ್ಷಿತೋಟಗಳ ನಡುವಿನ ಬ್ರೂಯಿ ಗುಡ್ಡದ ತುದಿಯಲ್ಲಿ ಮೂರನೆಯ ದಿನದ ಓಟ ಮುಗಿಯಬೇಕಿತ್ತು. ದಾರಿಯಲ್ಲಿ ಹಿಮ ಸುರಿಯತೊಡಗಿತು, ರಸ್ತೆ ಜಾರಿತು, ಸ್ಪರ್ಧೆ ನಡುವೆಯೇ ನಿಂತಿತು. ಗುಡ್ಡದ ದಾರಿ ಕಾದದ್ದೇ ಬಂತು. ಆದರೆ ಆಯೋಜಕರು ಗುಡ್ಡವನ್ನು ಮರೆಯಲಿಲ್ಲ. ಮರುವರ್ಷ ಸ್ಪರ್ಧೆ ಮತ್ತೆ ಅಲ್ಲಿಗೇ ಬಂದಿತು. ಜೂಲಿಯನ್ ಅಲಫಿಲಿಪ್ ಎಂಬ ಫ್ರೆಂಚ್ ತರುಣನೇ ಅಂದು ಗೆದ್ದ. ಹಿಂದಿನ ವರ್ಷದ ಸಾಲ ಬಡ್ಡಿಸಹಿತ ತೀರಿದಂತಾಯಿತು.

ಎರಡನೆಯವನ ಮೊದಲ ಸ್ಥಾನ

ಅಭಿಮಾನಿಯ ಪ್ರೀತಿ ಯಾವಾಗಲೂ ಗೆದ್ದವನ ಬೆನ್ನು ಹತ್ತುವುದಿಲ್ಲ. ಫ್ರಾನ್ಸಿನ ಜನ ಎಲ್ಲರಿಗಿಂತ ಹೆಚ್ಚಾಗಿ ಮೆಚ್ಚಿದ್ದು ರೇಮೋ ಪುಲಿಡೋರ್ ಎಂಬಾತನನ್ನು. ಬಡ ಗೇಣಿದಾರರ ಮನೆಯಲ್ಲಿ ಹುಟ್ಟಿದ ಈತ ಟೂರ್ ದ ಫ್ರಾನ್ಸ್‌ನಲ್ಲಿ ಮೂರು ಬಾರಿ ಎರಡನೆಯವನಾದ, ಐದು ಬಾರಿ ಮೂರನೆಯವನಾದ. ಒಂದು ದಿನದ ಮಟ್ಟಿಗೂ ಹಳದಿ ಅಂಗಿ ತೊಡಲಿಲ್ಲ. ಪ್ಯಾರಿಸ್–ನೀಸ್‌ನಲ್ಲಿಯೂ 1966ರಲ್ಲಿ ತನ್ನ ಹಳೆಯ ಎದುರಾಳಿ ಜಾಕ್ ಆಂಕೆತಿಲನ ಹಿಂದೆ ಎರಡನೆಯ ಸ್ಥಾನ. ಆಂಕೆತಿಲ್ ಗೆದ್ದ, ಜನ ಪುಲಿಡೋರನ ಹೆಸರು ಕೂಗಿದರು. ಮುದ್ದಿನಿಂದ ಅವರು ಆತನನ್ನು ಕರೆಯುತ್ತಿದ್ದುದು ‘ಪುಪು’ ಎಂದು.

1972 ಬಂದಿತು. ಪುಲಿಡೋರನಿಗೆ 35 ವರ್ಷ. ಸೈಕಲ್ಲಿನ ಲೋಕದಲ್ಲಿ ಅದು ಮುಪ್ಪು. ಎದುರಿಗೆ ಹಿಂದಿನ ಮೂರು ವರ್ಷವೂ ಇದೇ ಸ್ಪರ್ಧೆಯನ್ನು ಗೆದ್ದಿದ್ದ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್, 26 ವರ್ಷದ ಸಿಡಿಲು. ಕೊನೆಯ ದಿನ ನೀಸ್ ನಗರದಿಂದ ಎಜ್ ಘಟ್ಟದ ಮೇಲಕ್ಕೆ 9.5 ಕಿಲೋಮೀಟರ್ ಏರು. ಒಬ್ಬೊಬ್ಬರೇ ಹೊರಟು, ಜೊತೆಯ ನೆರವಿಲ್ಲದೆ ಹತ್ತಬೇಕು. ಮರ್ಕ್ಸ್ 16 ಸೆಕೆಂಡು ಮುಂದಿದ್ದ. ಅಷ್ಟು ಚಿಕ್ಕ ದಾರಿಯಲ್ಲಿ ಅಂಥವನಿಂದ 16 ಸೆಕೆಂಡು ಕಸಿಯುವುದು ಹುಲಿಯ ಬಾಯಿಂದ ಮಾಂಸ ಕಸಿದಂತೆಯೇ.

ಪುಲಿಡೋರ್ ಕಸಿದದ್ದು 22 ಸೆಕೆಂಡು. ಒಟ್ಟು ಲೆಕ್ಕದಲ್ಲಿ ಆರೇ ಆರು ಸೆಕೆಂಡುಗಳ ಅಂತರದಿಂದ ಆತ ಗೆದ್ದ. ಮರುವರ್ಷ, 36ನೆಯ ವಯಸ್ಸಿನಲ್ಲಿ, ಮತ್ತೊಮ್ಮೆ ಗೆದ್ದ. ಇಷ್ಟು ವರ್ಷ ಚಳಿಮಳೆಯಲ್ಲಿ ನಿಂತು ಕೈಬೀಸಿದ್ದು ಸಾರ್ಥಕವಾಯಿತೆಂದು ಎಷ್ಟು ಮಂದಿಗೆ ಅನಿಸಿರಬೇಡ! ಆಮೇಲೆ 1982ರಿಂದ 1988ರವರೆಗೆ ಐರ್ಲೆಂಡಿನ ಶಾನ್ ಕೆಲ್ಲಿ ಸತತವಾಗಿ ಏಳು ಬಾರಿ ಗೆದ್ದು ಯಾರೂ ಮುಟ್ಟದ ದಾಖಲೆ ಬರೆದ. ಆದರೂ ಎಜ್ ಘಟ್ಟದ ಮಾತು ಬಂದಾಗ ಹಳಬರ ಬಾಯಿಗೆ ಮೊದಲು ಬರುವುದು ಆ ಆರು ಸೆಕೆಂಡುಗಳೇ.

ದಾರಿಯ ಕಹಿ

ಹತ್ತಿರದಿಂದ ನೋಡುವ ಸುಖಕ್ಕೆ ಹತ್ತಿರದಿಂದ ನೋಡುವ ದುಃಖವೂ ಅಂಟಿಕೊಂಡಿದೆ. 2003ರ ಮಾರ್ಚ್ 11ರಂದು ಸೇಂತ್ ಎತಿಯೆನ್ ಊರಿನ ಬಳಿ ಕಝಕಸ್ತಾನದ ಆಂದ್ರೇ ಕಿವಿಲೆವ್ ರಸ್ತೆಗೆ ಬಿದ್ದು ತಲೆಗೆ ಪೆಟ್ಟಾಯಿತು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಮರುದಿನ ಆತ ತೀರಿಕೊಂಡ, ವಯಸ್ಸು 29. ಮುಂದಿನ ಓಟದಲ್ಲಿ ಯಾರೂ ಸ್ಪರ್ಧಿಸಲಿಲ್ಲ. ಸವಾರರೆಲ್ಲ ಶವಯಾತ್ರೆಯಂತೆ ಜೊತೆಯಾಗಿ ಸಾಗಿದರು. ಆ ವರ್ಷ ಗೆದ್ದವನು ಕಿವಿಲೆವನ ದೇಶದವನೇ ಆದ, ಗೆಳೆಯನೂ ಆದ ಅಲೆಕ್ಸಾಂಡರ್ ವಿನೊಕುರೊವ್. ಹೆಲ್ಮೆಟ್ ಕಡ್ಡಾಯ ಮಾಡುವ ಮಾತನ್ನು 1991ರಲ್ಲಿ ಸವಾರರೇ ವಿರೋಧಿಸಿ ನಿಲ್ಲಿಸಿದ್ದರು. ಈ ಸಾವಿನ ಬಳಿಕ, ಕೆಲವೇ ವಾರಗಳಲ್ಲಿ, ನಿಯಮ ಜಾರಿಗೆ ಬಂದಿತು. ಇಂದು ದಾರಿಬದಿಯ ಮಕ್ಕಳಿಗೆ ಸವಾರನ ಕೂದಲು ಕಾಣುವುದಿಲ್ಲ. ಅದರ ಹಿಂದೆ ಒಂದು ಜೀವದ ಬೆಲೆಯಿದೆ.

ಜನರಿಲ್ಲದ ದಾರಿ

ದಾರಿಬದಿಯ ಜನ ಸ್ಪರ್ಧೆಗೆ ಏನಾಗಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2020ರಲ್ಲಿ. ಕೊರೋನಾ ವ್ಯಾಧಿ ಯೂರೋಪನ್ನು ಆವರಿಸುತ್ತಿತ್ತು. ಇತರ ಸ್ಪರ್ಧೆಗಳು ಒಂದೊಂದಾಗಿ ನಿಂತುಹೋದರೂ ಪ್ಯಾರಿಸ್–ನೀಸ್ ಹೊರಟಿತು. ಆದರೆ ಹೊರಡುವ ಸ್ಥಳಕ್ಕೂ ಮುಗಿಯುವ ಸ್ಥಳಕ್ಕೂ ಸಾರ್ವಜನಿಕರು ಬರಕೂಡದೆಂಬ ಆಜ್ಞೆಯಾಯಿತು. ಗೆದ್ದವನು ಕೈಯೆತ್ತಿದರೆ ಎದುರಿಗೆ ಬರಿಯ ತಡೆಬೇಲಿ. ನೀಸ್‌ನ ಕೊನೆಯ ಓಟವೇ ರದ್ದಾಗಿ, ಮಾರ್ಚ್ 14ರಂದು ಕೋಲ್ಮಿಯಾನ್ ಬೆಟ್ಟದ ಮೇಲೆ ಸ್ಪರ್ಧೆ ಮುಗಿಯಿತು. ಜರ್ಮನಿಯ ಮ್ಯಾಕ್ಸ್ ಶಾಖ್‌ಮನ್ ವಿಜೇತನಾದ. ಮೂರು ದಿನಗಳ ತರುವಾಯ ಇಡೀ ಫ್ರಾನ್ಸ್ ಮನೆಯೊಳಗೆ ಬಾಗಿಲು ಹಾಕಿಕೊಂಡಿತು.

2021ರಲ್ಲಿಯೂ ನೀಸ್‌ಗೆ ಸೂರ್ಯ ಬಂದನೇ ಹೊರತು ಓಟ ಬರಲಿಲ್ಲ. ವಾರಾಂತ್ಯದ ನಿರ್ಬಂಧದಿಂದಾಗಿ ಕೊನೆಯ ಓಟವನ್ನು ಒಳನಾಡಿನ ಲೆವೆನ್ಸ್ ಊರಿಗೆ ಒಯ್ದರು. ಅಂದು 52 ಸೆಕೆಂಡು ಮುಂದಿದ್ದ ಸ್ಲೊವೇನಿಯಾದ ಪ್ರಿಮೊಜ್ ರೊಗ್ಲಿಚ್ ಎರಡು ಬಾರಿ ಬಿದ್ದ. ಮೈಗೆ ಪೆಟ್ಟಾದರೂ ಎದ್ದು ತುಳಿದ. ಗೆಲುವು ಮಾತ್ರ ಮತ್ತೆ ಶಾಖ್‌ಮನ್ ಪಾಲಾಯಿತು. ಮೂರು ದಿನ ಗೆದ್ದವನು ಕೊನೆಯ ದಿನ ಎಲ್ಲವನ್ನೂ ಕಳೆದುಕೊಂಡದ್ದನ್ನು ಅಭಿಮಾನಿಗಳು ಮನೆಯೊಳಗೆ ಪರದೆಯ ಮೇಲೆ ನೋಡಿದರು. ಪರದೆಯಲ್ಲಿ ಎಲ್ಲವೂ ಕಾಣುತ್ತದೆ, ದಾರಿಬದಿಯಲ್ಲಿ ಕಾಣದ್ದೂ ಕಾಣುತ್ತದೆ. ಆದರೆ ಬಿದ್ದು ಎದ್ದವನಿಗೆ ‘ಹೋಗು, ಹೋಗು’ ಎಂದು ಕೂಗಿದರೆ ಪರದೆಯಾಚೆ ಆತನಿಗೆ ಕೇಳಿಸುವುದಿಲ್ಲ.

2022ರ ಮಾರ್ಚ್ 13ರಂದು ಓಟ ಮರಳಿ ನೀಸ್‌ನ ಕಡಲದಂಡೆಗೆ ಬಂದಿತು. ಆ ವಾರ ಕಾಯಿಲೆಯೂ ಚಳಿಯೂ ಸೇರಿ, ಹೊರಟವರಲ್ಲಿ ಅರ್ಧದಷ್ಟು ಮಂದಿಯೂ ಕೊನೆ ಮುಟ್ಟಲಿಲ್ಲ. ಎಜ್ ಘಟ್ಟದಲ್ಲಿ ಇಂಗ್ಲೆಂಡಿನ ಸೈಮನ್ ಯೇಟ್ಸ್ ಹಾರಿ ಮುಂದೆ ಹೋದಾಗ ಹಳದಿ ಅಂಗಿಯ ರೊಗ್ಲಿಚ್‌ಗೆ ಹಿಂದಿನ ವರ್ಷದ ಗತಿಯೇ ಮತ್ತೆ ಬಂದೀತೆಂದು ತೋರಿತು. ಜೊತೆಗಾರ ವೌಟ್ ವಾನ್ ಆರ್ಟ್ ಗಾಳಿಯನ್ನು ತಾನು ತಡೆದು ಆತನನ್ನು ಎಳೆದೊಯ್ದ. 29 ಸೆಕೆಂಡುಗಳ ಅಂತರದಿಂದ ರೊಗ್ಲಿಚ್ ವಿಜೇತನಾದ. ಈ ಸಲ ಬೇಲಿಯಾಚೆ ಜನರಿದ್ದರು.

ಅರ್ಧ ನಿಮಿಷಕ್ಕಾಗಿ ಅರ್ಧ ದಿನ ಕಾಯುವುದು ನಷ್ಟದ ವ್ಯಾಪಾರವೆಂದು ಈಗಲೂ ಹೇಳಬಹುದು. ಆದರೆ ಕಾದವರು ಓಟವನ್ನು ಮಾತ್ರ ಕಾದಿರುವುದಿಲ್ಲ. ಫ್ಲಾಸ್ಕಿನ ಕಾಫಿಯನ್ನು ಪಕ್ಕದ ಅಪರಿಚಿತನೊಡನೆ ಹಂಚಿಕೊಂಡಿರುತ್ತಾರೆ. ಪುಪುವಿನ ಕಥೆಯನ್ನು ಮೊಮ್ಮಗನಿಗೆ ಹೇಳಿರುತ್ತಾರೆ. ಚಳಿಗಾಲ ಮುಗಿಯಿತೆಂದು ಮನೆಮಂದಿಯೆಲ್ಲ ಕೂಡಿ ಕಂಡುಕೊಂಡಿರುತ್ತಾರೆ. ಪೊರಕೆ ಗಾಡಿ ಹಾಯ್ದ ಮೇಲೆ ರಸ್ತೆ ತೆರವಾಗುತ್ತದೆ, ಕುರ್ಚಿಗಳು ಮಡಚಿಕೊಳ್ಳುತ್ತವೆ. ಹುಡುಗನ ಕಂಕುಳಲ್ಲಿ ಒಂದು ಖಾಲಿ ಬಾಟಲಿ. ಮನೆಗೆ ಹೋಗುವ ದಾರಿಯಲ್ಲಿ ಆತ ಕೇಳುವ ಪ್ರಶ್ನೆ ಒಂದೇ: ಮುಂದಿನ ವರ್ಷ ಯಾವ ತಿರುವಿನಲ್ಲಿ ನಿಲ್ಲುವುದು?