ಎರಡು ಗಂಟೆಯ ಬೆಂಕಿ, ದಿನವಿಡೀ ಬಿಸುಪು

ಡಿಸೆಂಬರ್ ಬಂತೆಂದರೆ ಊರಿನಿಂದ ಫೋನ್ ಮಾಡುವ ಬಂಧುಗಳೆಲ್ಲರದೂ ಒಂದೇ ಪ್ರಶ್ನೆ: ‘ಅಲ್ಲಿನ ಚಳಿಯನ್ನು ಹೇಗೆ ತಡೆದುಕೊಳ್ಳುತ್ತೀರಪ್ಪ?’ ದಕ್ಷಿಣ ಜರ್ಮನಿಯ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಸ್ವೇಬಿಯನ್ ಆಲ್ಬ್ ಎಂಬ ಬೆಟ್ಟಸಾಲಿದೆ. ಅಲ್ಲಿನ ಸಣ್ಣ ಪಟ್ಟಣವೊಂದರಲ್ಲಿ ವೈದ್ಯನಾಗಿ ನೆಲೆಸಿ ನನಗೆ ಎರಡು ದಶಕಗಳಾದವು. ಬಂಧುಗಳ ಪ್ರಶ್ನೆಗೆ ಇಲ್ಲಿನ ಜನ ಶತಮಾನಗಳ ಹಿಂದೆಯೇ ಕಂಡುಕೊಂಡ ಉತ್ತರವೊಂದು ಈಗ ನಮ್ಮ ಮನೆಯ ನಡುವಿನ ಕೋಣೆಯಲ್ಲಿಯೂ ನಿಂತಿದೆ. ಅದು ಎರಡು ಟನ್ ತೂಕದ ಇಟ್ಟಿಗೆಯ ಒಲೆ. ರಷ್ಯಾದಿಂದ ಬರುತ್ತಿದ್ದ ಅನಿಲ ನಿಂತುಹೋದ 2022ರಲ್ಲಿ ನೆರೆಹೊರೆಯವರೆಲ್ಲ ಸೌದೆಯತ್ತ ತಿರುಗಿದಾಗ ನಾವೂ ಇದನ್ನು ಕಟ್ಟಿಸುವ ಮನಸ್ಸು ಮಾಡಿದೆವು.

ಇದು ಅಡುಗೆಯ ಒಲೆಯಲ್ಲ, ಮನೆಯನ್ನು ಬೆಚ್ಚಗಿಡುವ ಒಲೆ. ಹೊರಮೈಗೆ ಬಣ್ಣದ ಹೆಂಚುಗಳನ್ನು ಹೊದಿಸಿದರೆ ಜರ್ಮನರು ಇದನ್ನು ‘ಕಾಖಲ್‌ಓಫನ್’ ಎನ್ನುತ್ತಾರೆ. ಕಬ್ಬಿಣದ ಒಲೆ ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಆದ್ದರಿಂದ ಅದಕ್ಕೆ ಗಂಟೆಗೊಮ್ಮೆ ಸೌದೆ ಒಟ್ಟಬೇಕು. ಇಟ್ಟಿಗೆಯ ಒಲೆಯ ರೀತಿಯೇ ಬೇರೆ. ದಿನಕ್ಕೊಮ್ಮೆ ಅಥವಾ ಎರಡು ಸಲ, ಒಂದೆರಡು ಗಂಟೆ ಧಗಧಗನೆ ಉರಿಸಿದರೆ ಸಾಕು. ಉಳಿದ ಹೊತ್ತೆಲ್ಲ ಇಟ್ಟಿಗೆಗಳೇ ಬಿಸುಪನ್ನು ನಿಧಾನವಾಗಿ ಹೊರಸೂಸುತ್ತವೆ.

ಇದರ ಲೆಕ್ಕ ಸರಳವಾಗಿದೆ. ಒಣಗಿದ ಒಂದು ಕಿಲೊ ಸೌದೆಯಲ್ಲಿ ಸುಮಾರು 4 ಯೂನಿಟ್ ಶಕ್ತಿಯಿರುತ್ತದೆ. ಯೂನಿಟ್ ಎಂದರೆ ನಮ್ಮ ವಿದ್ಯುತ್ ಬಿಲ್ಲಿನಲ್ಲಿ ಬರುವ ಕಿಲೊವಾಟ್ ಗಂಟೆಯೇ. ಹತ್ತು ಕಿಲೊ ಉರಿಸಿದರೆ 40 ಯೂನಿಟ್. ಅದರಲ್ಲಿ ಮುಕ್ಕಾಲು ಪಾಲು ಇಟ್ಟಿಗೆಗೆ ಇಳಿದರೆ 30 ಯೂನಿಟ್. ಎರಡು ಟನ್ ಇಟ್ಟಿಗೆಯ ಸರಾಸರಿ ಉಷ್ಣತೆ ಸುಮಾರು 60 ಡಿಗ್ರಿ ಏರಲು ಇಷ್ಟು ಸಾಕು. ಈ ಶಾಖವು 12 ಗಂಟೆಗಳಲ್ಲಿ ಹೊರಬಂದರೆ, ಎರಡೂವರೆ ಕಿಲೊವಾಟ್‌ನ ಹೀಟರನ್ನು ರಾತ್ರಿಯಿಡೀ ಸದ್ದಿಲ್ಲದೆ ಉರಿಸಿದಂತಾಯಿತು.

ಈ ಜಾಣ್ಮೆ ಇಂದಿನದಲ್ಲ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ನಗರದ ಕೋಟೆಯಲ್ಲಿ 1501ರ ಹೆಂಚಿನ ಒಲೆಯೊಂದು ಇಂದಿಗೂ ನಿಂತಿದೆ. ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ಅನೇಕ ಕಡೆ ಸೌದೆಗೆ ಬರ ಬಂದಾಗ ಸ್ವೀಡನ್ನಿನ ಕಾರ್ಲ್ ಯೋಹಾನ್ ಕ್ರೋನ್‌ಸ್ಟೆಟ್ ಮತ್ತು ಫಾಬಿಯಾನ್ ವ್ರೇಡೆ ಎಂಬಿಬ್ಬರು 1767ರಲ್ಲಿ ಹೊಸ ವಿನ್ಯಾಸವೊಂದನ್ನು ಪ್ರಕಟಿಸಿದರು. ಬಿಸಿಹೊಗೆಯನ್ನು ನೇರವಾಗಿ ಚಿಮಣಿಗೆ ಬಿಡದೆ ಒಲೆಯೊಳಗಿನ ಇಟ್ಟಿಗೆಯ ಕಾಲುವೆಗಳಲ್ಲಿ ಮೇಲೆ ಕೆಳಗೆ ಸುತ್ತಾಡಿಸಿ, ಅದರ ಶಾಖವನ್ನೆಲ್ಲ ಕಸಿದುಕೊಂಡು ಆಮೇಲೆ ಹೊರಗೆ ಕಳಿಸುವುದೇ ಅದರ ಗುಟ್ಟು. ಇಂದಿನ ಒಲೆಗಳೂ ಇದೇ ತತ್ತ್ವದ ಮೇಲೆ ನಿಂತಿವೆ.

ನಮ್ಮ ಒಲೆಯನ್ನು ಕಟ್ಟಿದ ಮೇಸ್ತ್ರಿ ಮೊದಲ ದಿನ ಇಟ್ಟಿಗೆ ಮುಟ್ಟಲೇ ಇಲ್ಲ. ಮನೆಯ ಗೋಡೆಗಳ ದಪ್ಪ, ಕಿಟಕಿಗಳ ಅಳತೆ, ಚಿಮಣಿಯ ಎತ್ತರ, ನೆಲ ಹೊರಬಲ್ಲ ಭಾರ ಇಷ್ಟನ್ನೂ ಬರೆದುಕೊಂಡು ಹೋದರು. ಒಲೆಯ ಗಾತ್ರ ನಿಗದಿಯಾದದ್ದು ಈ ಲೆಕ್ಕಗಳಿಂದಲೇ ಹೊರತು ನಮ್ಮ ಆಸೆಯಿಂದಲ್ಲ. ಬೆಂಕಿಗೂಡಿಗೆ ಬಳಸಿದ್ದು ಹೆಚ್ಚು ಶಾಖ ತಡೆಯುವ ಫೈರ್ ಬ್ರಿಕ್. ಅವುಗಳ ನಡುವೆ ಸಿಮೆಂಟ್ ಅಲ್ಲ, ಜೇಡಿಮಣ್ಣಿನ ಗಾರೆ. ಕಾದ ಒಳಗೂಡು ಹಿಗ್ಗುವುದರಿಂದ ಹೊರಗೋಡೆಗೂ ಅದಕ್ಕೂ ನಡುವೆ ಕಿರಿದಾದ ಎಡೆಯನ್ನು ಬಿಟ್ಟರು. ಇಲ್ಲದಿದ್ದರೆ ಮೊದಲ ಚಳಿಗಾಲದಲ್ಲಿಯೇ ಗೋಡೆ ಬಿರಿಯುತ್ತದೆ. ಕಟ್ಟಿ ಮುಗಿದ ಮೇಲೂ ದೊಡ್ಡ ಬೆಂಕಿ ಹಾಕುವಂತಿರಲಿಲ್ಲ. ಹಲವು ದಿನ ಸಣ್ಣ ಸಣ್ಣ ಉರಿ ಹಾಕಿ ಒಳಗಿನ ನೀರಿನಂಶವನ್ನು ಮೆಲ್ಲಗೆ ಹೊರಗೆಳೆಯಬೇಕಿತ್ತು. ಖರ್ಚು ಒಂದು ಸಣ್ಣ ಕಾರಿನ ಬೆಲೆಯಷ್ಟಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ವೈದ್ಯನಾದ ನನಗೆ ಈ ಒಲೆಯಲ್ಲಿ ಉಳಿತಾಯಕ್ಕಿಂತ ಮಹತ್ವದ್ದಾಗಿ ಕಂಡದ್ದು ಹೊಗೆಯ ವಿಚಾರ. ಎಂ.ಡಿ. ಓದುತ್ತಿದ್ದ ದಿನಗಳಲ್ಲಿ ನಮ್ಮ ವಾರ್ಡಿಗೆ ಬರುತ್ತಿದ್ದ ಮಲೆನಾಡಿನ ಹೆಂಗಸರನ್ನು ನಾನು ಮರೆತಿಲ್ಲ. ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೂ ಅವರ ಶ್ವಾಸಕೋಶಗಳು ನಲವತ್ತು ವರ್ಷ ಧೂಮಪಾನ ಮಾಡಿದವರ ಶ್ವಾಸಕೋಶಗಳಂತಿದ್ದವು. ಅಡುಗೆಮನೆಯ ಒಲೆ, ಮಳೆಗಾಲವಿಡೀ ಹಸಿಸೌದೆಯಲ್ಲಿ ಕುಮುಲುತ್ತಿದ್ದ ಬಚ್ಚಲೊಲೆ, ಇವೆರಡರ ಮುಂದೆ ಕುಳಿತು ಊದುಗೊಳವೆ ಊದಿದ ಆಯುಷ್ಯ ಅವರದು. ನನ್ನ ತಾಯಿಯ ಕೆಮ್ಮೂ ಅದೇ ಜಾತಿಯದು ಎಂಬುದು ಪುಸ್ತಕ ಓದಿದ ಮೇಲಷ್ಟೇ ನನಗೆ ತಿಳಿಯಿತು.

ಸೌದೆ ಕಾದಾಗ ಮೊದಲು ಅನಿಲಗಳು ಹೊರಡುತ್ತವೆ. ಸೌದೆಯ ಶಕ್ತಿಯ ಅರ್ಧಕ್ಕಿಂತ ಹೆಚ್ಚಿನ ಭಾಗ ಇರುವುದು ಅವುಗಳಲ್ಲಿಯೇ. ಬೆಂಕಿಗೂಡು ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿ, ಸಾಕಷ್ಟು ಗಾಳಿಯೂ ಸಿಕ್ಕರೆ ಆ ಅನಿಲಗಳು ಉರಿದು ಶಾಖವಾಗುತ್ತವೆ. ಇಲ್ಲದಿದ್ದರೆ ಅವೇ ಹೊಗೆಯಾಗಿ ಶ್ವಾಸಕೋಶಕ್ಕೆ ಇಳಿಯುತ್ತವೆ. ‘ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ’ ಎನ್ನುತ್ತೇವೆ. ಒಲೆಯ ಮಟ್ಟಿಗೆ ಹೇಳುವುದಾದರೆ ಬೆಂಕಿ ಸಾಲದೆ ಹೋದಾಗಲೇ ಹೊಗೆ ಹೆಚ್ಚು. ಸೌದೆ ಉಳಿಯಲೆಂದು ಗಾಳಿ ತಗ್ಗಿಸಿ ಕುಮುಲಿಸಿದರೆ ಸೌದೆಯೂ ಹಾಳು, ಉಸಿರೂ ಹಾಳು. ಶಾಖವನ್ನು ಹಿಡಿದಿಡಲು ಇಟ್ಟಿಗೆಯ ರಾಶಿ ಇರುವುದರಿಂದಲೇ ಇಲ್ಲಿ ಉರಿಯನ್ನು ತಗ್ಗಿಸುವ ಅಗತ್ಯ ಬೀಳುವುದಿಲ್ಲ. ಸೌದೆಯ ತೇವಾಂಶ ಮಾತ್ರ ಶೇ 20ಕ್ಕಿಂತ ಕಡಿಮೆ ಇರಬೇಕು. ಆದ್ದರಿಂದ ಒಡೆದ ಸೌದೆಯನ್ನು ಒಂದೆರಡು ವರ್ಷ ಸೂರಿನಡಿ ಒಣಗಿಸುವುದು ಇಲ್ಲಿನ ರೂಢಿ.

ಎಷ್ಟು ಚೆನ್ನಾಗಿ ಕಟ್ಟಿದರೂ ಸೌದೆಯ ಒಲೆಯಿಂದ ಸೂಕ್ಷ್ಮ ಕಣಗಳು ಹೊರಬರುವುದು ಪೂರ್ತಿ ನಿಲ್ಲುವುದಿಲ್ಲ. ಈ ಕಾರಣದಿಂದ ಜರ್ಮನಿಯ ಕಾನೂನು ಬಿಗಿಯಾಗಿದೆ. ಮಿತಿಗಿಂತ ಹೆಚ್ಚು ಹೊಗೆಯುಗುಳುವ ಅನೇಕ ಹಳೆಯ ಕಬ್ಬಿಣದ ಒಲೆಗಳಿಗೆ 2024ರ ಅಂತ್ಯವೇ ಕೊನೆಯ ಗಡುವಾಗಿತ್ತು. ಹೊಸ ಒಲೆಯನ್ನು ಚಿಮಣಿ ಪರೀಕ್ಷಕರು ನೋಡಿ ಒಪ್ಪಿಗೆ ಕೊಡುವವರೆಗೆ ಬಳಸುವಂತಿಲ್ಲ. ಇದು ಬರಿಯ ಕಾಗದದ ಕಟ್ಟಳೆಯಲ್ಲ. ಕೆಂಡ ಆರುವ ಮೊದಲೇ ಚಿಮಣಿಯ ದಾರಿಯನ್ನು ಮುಚ್ಚಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತುಂಬುತ್ತದೆ. ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದನ್ನು ಗುರುತಿಸಲಾರದೆ ‘98’ ಎಂದು ತೋರಿಸಿ ಮೋಸ ಮಾಡಬಲ್ಲದು. ಚಳಿಗಾಲದಲ್ಲಿ ಒಂದೇ ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಂತಿ ಬಂದರೆ ನಾವು ಮೊದಲು ಕೇಳುವುದು ಒಲೆಯ ವಿಷಯವನ್ನೇ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಬಾರದೆಂಬುದು ಮಡಿಕೇರಿಗೂ ಅನ್ವಯಿಸುವ ಮಾತು.

ಒಲೆಯ ಇನ್ನೊಂದು ರೂಪವನ್ನು ನೋಡಬೇಕೆಂದರೆ ಈ ಭಾಗದ ಹಳ್ಳಿಗಳ ‘ಬಾಕ್‌ಹೌಸ್’ಗೆ ಹೋಗಬೇಕು. ಅದು ಊರಿಗೆಲ್ಲ ಸೇರಿದ ರೊಟ್ಟಿಮನೆ. ಹಿಂದೆ ಬೆಂಕಿ ಅನಾಹುತಗಳ ಭಯದಿಂದ ಮನೆಮನೆಯ ಒಲೆಗಳನ್ನು ಬಿಟ್ಟು ಊರಿಗೊಂದು ಒಲೆ ಕಟ್ಟಿಕೊಂಡರು. ಇಲ್ಲಿ ಬೆಂಕಿ ಹಾಕುವುದು ಬ್ರೆಡ್ ಬೇಯುವ ಗೂಡಿನೊಳಗೇ. ಮಸಿ ಹಿಡಿದ ಕಮಾನು ಕಾದು ಕಾದು ಬೆಳ್ಳಗಾದಾಗ ಕೆಂಡವನ್ನು ಹೊರಗೆಳೆದು, ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಚಿಟಿಕೆ ಹಿಟ್ಟು ಎಸೆದು ನೋಡುತ್ತಾರೆ. ಹಿಟ್ಟು ತಕ್ಷಣ ಕಪ್ಪಾದರೆ ಇನ್ನೂ ಕಾಯಬೇಕು. ಮೆಲ್ಲಗೆ ಕಂದಾದರೆ ಹದ ಬಂದಿದೆಯೆಂದು ಅರ್ಥ. ಮೊದಲ ಬಿಸಿಗೆ ‘ದಿನ್ನೆಟೆ’ ಎಂಬ ತೆಳು ರೊಟ್ಟಿ, ಅನಂತರ ಬ್ರೆಡ್, ಆಮೇಲೆ ಕೇಕ್, ಕೊನೆಯ ಉಗುರುಬೆಚ್ಚನೆಯಲ್ಲಿ ಪೇರ್ ಹಣ್ಣಿನ ಹೋಳು. ಇಳಿಯುವ ಶಾಖದ ಒಂದು ಪಾಲೂ ವ್ಯರ್ಥವಾಗುವುದಿಲ್ಲ. ಬೆಂಗಳೂರಿನ ಹಳೆಯ ಅಯ್ಯಂಗಾರ್ ಬೇಕರಿಗಳ ಸೌದೆಯ ಭಟ್ಟಿಯನ್ನು ಕಂಡವರಿಗೆ ಈ ಲೆಕ್ಕ ಅಪರಿಚಿತವಲ್ಲ.

ವಿದೇಶಕ್ಕೆ ಬರಬೇಕೆನ್ನುವ ತರುಣರಿಗೆ ಇಲ್ಲೊಂದು ಮಾತು ಹೇಳಬೇಕು. ಒಲೆ ಕಟ್ಟುವುದು ಜರ್ಮನಿಯಲ್ಲಿ ಮೂರು ವರ್ಷ ಕಲಿಯಬೇಕಾದ ವೃತ್ತಿ. ವಾರದ ಕೆಲ ದಿನ ಕೆಲಸದ ಜಾಗದಲ್ಲಿ, ಕೆಲ ದಿನ ಶಾಲೆಯಲ್ಲಿ. ಕಲಿಯುವಾಗಲೇ ಸಂಬಳವುಂಟು. ಸ್ವಂತ ಉದ್ಯೋಗ ತೆರೆಯಲು ಸಾಮಾನ್ಯವಾಗಿ ‘ಮೈಸ್ಟರ್’ ಪರೀಕ್ಷೆ ಪಾಸಾಗಿರಬೇಕು. ನಮ್ಮ ‘ಮೇಸ್ತ್ರಿ’ ಪೋರ್ಚುಗೀಸರ ಮೂಲಕ ಬಂದ ಪದ. ಅದಕ್ಕೂ ಜರ್ಮನರ ‘ಮೈಸ್ಟರ್’ಗೂ ಲ್ಯಾಟಿನ್ನಿನ ಒಂದೇ ಪದ ತಾಯಿ. ಪದ ಒಂದೇ ಆದರೂ ಅದಕ್ಕೆ ಸಲ್ಲುವ ಗೌರವದಲ್ಲಿ ಅಜಗಜಾಂತರ. ನನ್ನ ಒಲೆ ಕಟ್ಟಿದವರನ್ನು ಊರಿನವರು ವೈದ್ಯರಿಗೆ ಕೊಡುವಷ್ಟೇ ಮರ್ಯಾದೆಯಿಂದ ಮಾತನಾಡಿಸುತ್ತಾರೆ. ಎಂಜಿನಿಯರಿಂಗ್, ಮೆಡಿಕಲ್ ಬಿಟ್ಟರೆ ಪರದೇಶಕ್ಕೆ ಬೇರೆ ದಾರಿಯೇ ಇಲ್ಲವೆಂದು ಮಕ್ಕಳಿಗೆ ಹೇಳುವ ಪೋಷಕರು ಇದನ್ನೊಮ್ಮೆ ಯೋಚಿಸಬೇಕು. ಭಾಷೆ ಕಲಿಯುವ ಶ್ರಮ ಮಾತ್ರ ಎಲ್ಲರಿಗೂ ತಪ್ಪಿದ್ದಲ್ಲ, ನನಗೂ ತಪ್ಪಲಿಲ್ಲ.

ಹಾಗೆಂದು ಈ ಎರಡು ಟನ್ನಿನ ಒಲೆಯನ್ನು ನಮ್ಮೂರಿನಲ್ಲಿ ಕಟ್ಟಿಸಿ ಎನ್ನುವುದಿಲ್ಲ. ನಮ್ಮ ಹವೆಗೆ ಅದು ಬೇಕಿಲ್ಲ. ಆದರೆ ಉರಿ ಚುರುಕಾಗಿರಬೇಕು, ಹೊಗೆಗೆ ಪ್ರತ್ಯೇಕ ದಾರಿಯಿರಬೇಕು ಎಂಬ ಪಾಠ ನಮಗೆ ಹೊರಗಿನದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಚಿಮಣಿಯುಳ್ಳ ‘ಅಸ್ತ್ರ ಒಲೆ’ಯನ್ನು ಇದೇ ವಿಜ್ಞಾನದಿಂದ ರೂಪಿಸಿದರು. ಇಂದು ಅಡುಗೆಮನೆಗೆ ಗ್ಯಾಸ್ ಬಂದಿರುವ ಅನೇಕ ಮನೆಗಳಲ್ಲಿ ಬಚ್ಚಲೊಲೆ ಇನ್ನೂ ಸೌದೆಯಲ್ಲಿಯೇ ಉರಿಯುತ್ತಿದೆ. ಅದರ ಮುಂದೆ ಕೂರುವವರು ಹೆಚ್ಚಾಗಿ ಮನೆಯ ಹಿರಿಯ ಹೆಂಗಸರೇ. ಈ ಬೇಸಿಗೆಯಲ್ಲಿ ಸೌದೆಯನ್ನು ಚೆನ್ನಾಗಿ ಒಣಗಿಸಿ ಸೂರಿನಡಿ ಒಟ್ಟಿಡಿ, ಚಿಮಣಿಯ ಮಸಿ ತೆಗೆಸಿ, ಚಿಮಣಿ ಇಲ್ಲದಿದ್ದರೆ ಮಳೆಗಾಲಕ್ಕೆ ಮೊದಲೇ ಒಂದನ್ನು ಹಾಕಿಸಿ. ಅವರ ಕೆಮ್ಮಿಗೆ ನಾನು ಬರೆದುಕೊಡಬಲ್ಲ ಯಾವ ಔಷಧಿಯೂ ಅದಕ್ಕೆ ಸಮನಲ್ಲ.